ನೀರಿಗೆ ಹಾಕೋ ಕ್ಯಾಮೆರಾ: ಎಲ್ರೂ ಕೇಳೋ ಪ್ರಶ್ನೆಗಳು

ಟ್ರೆಕ್ಕಿಂಗು, ಕಯಾಕಿಂಗು, ಸ್ನಾರ್ಕೆಲಿಂಗು ಅಂತ ಹೋದಾಗ ನನ್ನ ಕೈಲಿರೋ ಟಫ್ ಕ್ಯಾಮೆರಾ (ನೀರು, ಏಟು ತಡ್ಕೊಳೋ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾ) ನೋಡಿ ಜನ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಬ್ಬೊಬ್ರಿಗೂ ಬೇರೆಬೇರೆ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರ್ದಿಟ್ಟಿದೀನಿ. ಇಂಥ ಕ್ಯಾಮೆರಾ ಇಲ್ಲಿವರ್ಗೂ ಎರಡು ಬಳ್ಸಿದೀನಿ, ಮೊದಲನೇದನ್ನ ನಾನೇ ಕೊಂದಿದ್ದು, ಆ ಕಥೇನೂ ಕೆಳಗೆ ಬರುತ್ತೆ.

ನನ್ನ ಫೋನೇ ವಾಟರ್‌ಪ್ರೂಫ್ ಇದೆ, ಮತ್ತೆ ಈ ಕ್ಯಾಮೆರಾ ಯಾಕೆ?

ಮಳೇಲಿ ನೆನ್ಯೋದು, ಸ್ವಲ್ಪ ನೀರು ಸಿಡಿಯೋದು ಅಷ್ಟೇ ಆದ್ರೆ ಬೇಡ, ಫೋನೇ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ.

ಆದ್ರೆ ಫೋನಿನ ಮೇಲೆ ಐಪಿ68 ಅಂತ ಬರ್ದಿರ್ತಾರಲ್ಲ, ಅದ್ರಲ್ಲಿ 6 ಅನ್ನೋದು ಧೂಳಿಗೆ, 8 ಅನ್ನೋದು ನೀರಿಗೆ, ಎಷ್ಟು ಆಳ ಎಷ್ಟು ಹೊತ್ತು ಅನ್ನೋದನ್ನ ಕಂಪನಿಯೇ ಹೇಳುತ್ತೆ. ಸಾಮಾನ್ಯವಾಗಿ ಒಂದೂವರೆ ಮೀಟರ್, ಅರ್ಧ ಗಂಟೆ, ಕೆಲವು ದುಬಾರಿ ಫೋನಲ್ಲಿ 6 ಮೀಟರ್. ಅದೂ ಅಲ್ಲಾಡದೆ ನಿಂತಿರೋ ಸಿಹಿನೀರಲ್ಲಿ ಮಾಡಿರೋ ಟೆಸ್ಟು. ಅಲೆ ಹೊಡ್ಯೋದು, ಉಪ್ಪುನೀರು, ಈಜುಕೊಳದ ಕ್ಲೋರಿನ್ ಯಾವ್ದೂ ಆ ಲೆಕ್ಕದಲ್ಲಿ ಇಲ್ಲ, ನೀರು ಹೊಕ್ಕಿದ್ರೆ ವಾರಂಟಿಯಲ್ಲಿ ಬರಲ್ಲ ಅಂತ ಸಣ್ಣಕ್ಷರದಲ್ಲಿ ಬೇರೆ ಬರ್ದಿರ್ತಾರೆ.

ಇನ್ನೊಂದು, ಟಚ್‌ಸ್ಕ್ರೀನ್ ನೀರೊಳಗೆ ಕೆಲಸಾನೇ ಮಾಡಲ್ಲ. ಒದ್ದೆಯಾದ್ರೂ ಸಾಕು, ಹನಿ ಬಿದ್ದ ಕಡೆಯೆಲ್ಲ ತಾನೇ ಒತ್ಕೊಂಡು ಯಾರಿಗೋ ಕಾಲ್ ಹೋಗಿರುತ್ತೆ. ಟಫ್ ಕ್ಯಾಮೆರಾದಲ್ಲಿ ಗಟ್ಟಿ ಬಟನ್ ಇರುತ್ತೆ, ಗ್ಲೌಸ್ ಹಾಕ್ಕೊಂಡು ಒತ್ಬೋದು. ಎಲ್ಲಕ್ಕಿಂತ ಮುಖ್ಯ, ಕಾಡಲ್ಲಿ ಮ್ಯಾಪು, ಟಿಕೆಟ್ಟು, ಎಮರ್ಜೆನ್ಸಿ ಕಾಲು ಎಲ್ಲಾ ಇರೋದು ಆ ಫೋನಲ್ಲೇ, ಅದನ್ನೇ ನೀರಿಗೆ ಹಿಡ್ಕೊಂಡು ಇಳಿಯೋದು ಯಾವ ಬುದ್ಧಿವಂತಿಕೆ ಹೇಳಿ.

ಹಾಗಾದ್ರೆ ಗೋಪ್ರೋ ಥರದ್ದು (ಮೈಗೆ, ಗಾಡಿಗೆ ಸಿಕ್ಕಿಸೋ ಪುಟ್ಟ ವಿಡಿಯೋ ಕ್ಯಾಮೆರಾ) ತಗೊಳ್ಳೋದಾ, ಇದಾ?

ವಿಡಿಯೋನೇ ಮುಖ್ಯ, ಹೆಲ್ಮೆಟ್‌ಗೋ ಸೈಕಲ್ ಹ್ಯಾಂಡಲ್‌ಗೋ ಸಿಕ್ಕಿಸ್ಬೇಕು ಅಂದ್ರೆ ಗೋಪ್ರೋ ತಗೊಳ್ಳಿ. ಅದರ ಹೀರೋ5 ಮಾಡೆಲ್‌ನಿಂದ ಈಚೆಗೆ ಹೌಸಿಂಗ್ (ನೀರು ಹೋಗದ ಹೊರಗಿನ ಡಬ್ಬಿ) ಇಲ್ಲದೇನೇ 10 ಮೀಟರ್ ತಡ್ಕೊಳುತ್ತೆ. ಆದ್ರೆ ಅದು ಅಗಲದ ಲೆನ್ಸು, ಆಪ್ಟಿಕಲ್ ಝೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ಹತ್ರ ಹೋಗಿ ಹುಳ ತೆಗೀತೀನಿ ಅಂದ್ರೆ ಮಸುಕು. ನಿಂತು, ನೋಡಿ, ಫ್ರೇಮ್ ಮಾಡಿ ಫೋಟೋ ತೆಗ್ಯೋರಿಗೆ ಕಾಂಪ್ಯಾಕ್ಟೇ ಸರಿ.

ಒಳಗೆ ನೀರು ಹೋಗದ ಹಾಗೆ ಹೆಂಗೆ ಮಾಡಿರ್ತಾರೆ?

ಮಾಮೂಲಿ ಕ್ಯಾಮೆರಾ ಆನ್ ಮಾಡಿದ್ರೆ ಲೆನ್ಸು ಮೂತಿ ಥರ ಮುಂದೆ ಬರುತ್ತಲ್ಲ, ಇದ್ರಲ್ಲಿ ಬರಲ್ಲ. ಮುಂದೆ ಒಂದು ಗಾಜು ಗಟ್ಟಿಯಾಗಿ ಕೂತಿರುತ್ತೆ, ಅದರ ಹಿಂದೆ ಹೆಚ್ಚಿನ ಮಾಡೆಲ್‌ಗಳಲ್ಲಿ ಪ್ರಿಸಂ ಇಟ್ಟು ಬೆಳಕನ್ನ 90 ಡಿಗ್ರಿ ತಿರುಗ್ಸಿರ್ತಾರೆ, ಝೂಮ್ ಆಗೋದೆಲ್ಲ ಬಾಡಿ ಒಳಗೇ. ಹೊರಗಡೆ ಅಲ್ಲಾಡೋ ಭಾಗ ಕಮ್ಮಿ ಆದಷ್ಟೂ ನೀರಿಗೆ ದಾರಿ ಕಮ್ಮಿ.

ಉಳ್ಕೊಳ್ಳೋದು ಬಾಗಿಲು. ಬ್ಯಾಟರಿ, ಕಾರ್ಡ್ ಹಾಕೋ ಬಾಗಿಲು, ಚಾರ್ಜರ್ ಚುಚ್ಚೋ ಬಾಗಿಲು. ಅದರ ಸುತ್ತ ಒಂದು ತೆಳ್ಳಗಿನ ರಬ್ಬರ್ ಸೀಲ್ ಇರುತ್ತೆ, ಬಾಗಿಲು ಒತ್ತಿ ಲಾಕ್ ಮಾಡ್ದಾಗ ಅದು ಅದುಮ್ಕೊಂಡು ಸಂದಿ ಮುಚ್ಚುತ್ತೆ. ನಿಮ್ಮ ಕ್ಯಾಮೆರಾದ ಪ್ರಾಣ ಇರೋದು ಆ ರಬ್ಬರಲ್ಲಿ. ಈ ಪುಟದಲ್ಲಿ ಬೇರೆ ಏನೂ ಓದದೆ ಇದ್ರೂ ಪರ್ವಾಗಿಲ್ಲ, ಇದೊಂದು ನೆನಪಿಟ್ಕೊಳ್ಳಿ.

ರಬ್ಬರ್ ರಿಂಗಿನ ಐಡಿಯಾ ಹೊಸದೇನಲ್ಲ ಬಿಡಿ. ಸಮುದ್ರದ ಹುಚ್ಚು ಹಿಡಿಸಿದ ಫ್ರೆಂಚ್ ಡೈವರ್ ಜಾಕ್ ಕೂಸ್ಟೋ ಜೊತೆ ಸೇರಿ ಜಾನ್ ದ ವೂಟರ್ಸ್ ಅನ್ನೋ ಎಂಜಿನಿಯರ್ ಕ್ಯಾಲಿಪ್ಸೋ ಅಂತ ಒಂದು ಕ್ಯಾಮೆರಾ ಮಾಡಿದ್ದ, ಕೂಸ್ಟೋ ಹಡಗಿನ ಹೆಸರೂ ಅದೇ. ಅದನ್ನ ನಿಕಾನ್ ತಗೊಂಡು 1963ರಲ್ಲಿ ನಿಕೋನೋಸ್ ಅಂತ ತಂತು. ಅದ್ರಲ್ಲೂ ಇದೇ ಓ-ರಿಂಗು, ಅದ್ರಲ್ಲೂ ಇದೇ ಕಾಟ, ರಿಂಗ್ ಮೇಲೆ ಒಂದು ಕಣ ಮರಳು ಕೂತ್ರೆ ಫಿಲ್ಮ್ ಎಲ್ಲ ನೀರುಪಾಲು.

15 ಮೀಟರ್ ಅಂತ ಬರ್ದಿದೆ. ನಿಜವಾಗ್ಲೂ 15 ಮೀಟರ್ ಇಳಿಸ್ಬೋದಾ?

ಹೊಸದಾಗಿದ್ದು, ಸೀಲ್ ಕ್ಲೀನ್ ಇದ್ದು, ಮೆಲ್ಲಗೆ ಇಳಿದ್ರೆ ಇಳಿಸ್ಬೋದು. ಒಲಿಂಪಸ್ ಟಿಜಿ-6, ಅದರ ಮುಂದಿನ ಒಎಂ ಸಿಸ್ಟಂ ಟಿಜಿ-7 ಎರಡೂ 15 ಮೀಟರು. ರಿಕೋ ಡಬ್ಲ್ಯೂಜಿ-80ಕ್ಕೆ 14, ಡಬ್ಲ್ಯೂಜಿ-6ಕ್ಕೆ 20, ಫ್ಯೂಜಿಫಿಲ್ಮ್ ಎಕ್ಸ್‌ಪಿ140ಕ್ಕೆ 25, ನಿಕಾನ್ ಡಬ್ಲ್ಯೂ300ಕ್ಕೆ 30, ಪ್ಯಾನಸಾನಿಕ್ ಎಫ್‌ಟಿ7ಕ್ಕೆ 31 ಮೀಟರು.

ಆದ್ರೆ ಈ ನಂಬರು ಹೇಳೋದು ಸುಮ್ನೆ ನಿಂತಿರೋ ನೀರಿನ ಒತ್ತಡ ಮಾತ್ರ. ಪ್ರತಿ 10 ಮೀಟರ್ ಆಳಕ್ಕೆ ಹತ್ರಹತ್ರ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತೆ, ಅಂದ್ರೆ 10 ಮೀಟರಲ್ಲಿ ಮೇಲಿನ ಎರಡು ಪಟ್ಟು. ನೀವು ಬಂಡೆ ಮೇಲಿಂದ ಕ್ಯಾಮೆರಾ ಕೈಲಿ ಹಿಡ್ಕೊಂಡು ಧುಮುಕಿದ್ರೆ ನೀರಿಗೆ ಬಡಿಯೋ ಆ ಒಂದು ಕ್ಷಣ ಬೀಳೋ ಏಟೇ ಬೇರೆ, ಅದಕ್ಕೇ ಮ್ಯಾನುಯಲ್‌ಗಳಲ್ಲಿ ಕ್ಯಾಮೆರಾ ಹಿಡ್ಕೊಂಡು ಧುಮುಕ್ಬೇಡಿ ಅಂತ ಬರ್ದಿರ್ತಾರೆ, ಯಾರೂ ಓದಲ್ಲ. ಜಲಪಾತದ ಕೆಳಗೆ ನೇರವಾಗಿ ಹಿಡಿಯೋದು, ನಲ್ಲಿ ಪೂರ್ತಿ ಬಿಟ್ಟು ರಭಸಕ್ಕೆ ತೊಳೆಯೋದು ಕೂಡ ಅದೇ ಕೇಸು.

ಸ್ಕೂಬಾ ಮಾಡೋರಿಗೆ ಬೇರೆ ಹೌಸಿಂಗ್ ಸಿಗುತ್ತೆ, ಟಿಜಿ-6ಕ್ಕೆ ಬರೋ ಪಿಟಿ-059 ಹಾಕಿದ್ರೆ 45 ಮೀಟರ್ ತನಕ ಹೋಗ್ಬೋದು. ನಾನಂತೂ 12 ಮೀಟರ್‌ಗಿಂತ ಆಳ ಹೋಗಲ್ಲ, ಹಳೇ ಸೀಲಿನ ಮೇಲೆ ಅಷ್ಟು ನಂಬಿಕೆ ಇಲ್ಲ.

ನಿಮ್ಮ ಮೊದಲ ಕ್ಯಾಮೆರಾ ಹೆಂಗೆ ಹೋಯ್ತು?

ಕೂದಲಿಂದ. ಒಂದೇ ಒಂದು ಕೂದಲು.

ದೋಣಿ ಮೇಲೆ ಕೂತಿದ್ವಿ, ಎರಡನೇ ಸಲ ನೀರಿಗಿಳಿಯೋ ಮುಂಚೆ ಕಾರ್ಡ್ ತುಂಬಿದೆ ಅಂತ ತೋರಿಸ್ತು, ನಾನು ಒದ್ದೆ ಕೈಲೇ ಬಾಗಿಲು ತೆಗ್ದು ಕಾರ್ಡ್ ಬದಲಾಯ್ಸಿ ಟಪ್ ಅಂತ ಮುಚ್ದೆ, ಲಾಕ್ ಆದ ಸೌಂಡೂ ಬಂತು, ಲಾಕ್ ಸರಿಯಾಗಿ ಬೀಳದಿದ್ರೆ ಕಾಣೋ ಕೆಂಪು ಗುರುತೂ ಕಾಣಿಸ್ಲಿಲ್ಲ, ಎಲ್ಲಾ ಸರಿ ಇದೆ ಅಂತ ಇಳಿದೆ. ಮೂರು ಮೀಟರ್ ಹೋಗಿರ್ಬೇಕು, ಬಾಗಿಲ ಅಂಚಿಂದ ಸಣ್ಣಸಣ್ಣ ಗುಳ್ಳೆ ಸಾಲಾಗಿ ಸೋಡಾ ಥರ ಮೇಲಕ್ಕೆ ಹೋಗ್ತಿದೆ. ಏನಪ್ಪಾ ಚೆನ್ನಾಗಿದೆ ಅಂತ ನಾನು ನೋಡ್ತಾ ಇದ್ದೆ, ನಿಜ ಹೇಳ್ತೀನಿ, ಒಂದೆರಡು ಸೆಕೆಂಡ್ ನೋಡ್ತಾನೇ ಇದ್ದೆ. ಆಮೇಲೆ ಸ್ಕ್ರೀನ್ ನೇರಳೆ ಬಣ್ಣಕ್ಕೆ ತಿರುಗ್ತು, ಲೆನ್ಸ್ ಕಿರ್ರ್ ಅಂತು, ಮುಗೀತು.

ಮೇಲೆ ಬಂದು ಬಾಗಿಲು ತೆಗ್ದಾಗ ಬ್ಯಾಟರಿ ಜೊತೆ ಒಂದು ಚಮಚದಷ್ಟು ನೀರು ಸುರೀತು. ರಬ್ಬರಿಗೆ ಅಡ್ಡವಾಗಿ ಕೂದಲು, ಅದೂ ನಂದೇ. ರಿಪೇರಿಗೆ ಕೊಟ್ಟ ಕಡೆ ಒಳಗೆ ಉಪ್ಪು ಕಂಡಿದ್ದೇ ವಾರಂಟಿ ಇಲ್ಲ ಅಂದ್ರು, ವಾದ ಮಾಡೋಕೆ ನನ್ ಹತ್ರ ಏನೂ ಇರ್ಲಿಲ್ಲ.

ಹಂಗಾದ್ರೆ ನೀರಿಗಿಳಿಯೋ ಮುಂಚೆ ಏನೇನು ನೋಡ್ಬೇಕು?

ನಾನು ಮಾಡೋದು ಹೇಳ್ತೀನಿ. ಬ್ಯಾಟರಿ ಫುಲ್ ಚಾರ್ಜ್ ಮಾಡಿ, ದೊಡ್ಡ ಕಾರ್ಡ್ ಹಾಕಿ, ಹಿಂದಿನ ರಾತ್ರಿನೇ ರೂಮಲ್ಲಿ ಒಣಗಿದ ಕೈಲಿ ಬಾಗಿಲು ಮುಚ್ಚಿಬಿಡ್ತೀನಿ, ಮಾರನೇ ದಿನ ನೀರಿನ ಹತ್ರ ತೆಗ್ಯೋ ಪ್ರಮೇಯಾನೇ ಬರಬಾರ್ದು. ಮುಚ್ಚೋ ಮುಂಚೆ ಬ್ಲೋವರ್‌ನಿಂದ ಊದಿ, ದಾರ ಬಿಡದ ಮೈಕ್ರೋಫೈಬರ್ ಬಟ್ಟೇಲಿ ರಬ್ಬರನ್ನೂ ಅದು ಕೂರೋ ಅಂಚನ್ನೂ ಒರಸ್ತೀನಿ. ಎರಡೂ ಕಡೆ, ಜನ ರಬ್ಬರ್ ಮಾತ್ರ ಒರಸಿ ಎದುರಿನ ಅಂಚು ಮರೀತಾರೆ. ಆಮೇಲೆ ಫೋನಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿದ್ರೆ ಕೂದಲು, ಮರಳು, ಒಣಗಿದ ಉಪ್ಪಿನ ಕಣ ಎಲ್ಲಾ ನೆರಳು ಬಿಟ್ಟು ಕಾಣುತ್ತೆ. ಬೆರಳ ತುದೀಲಿ ಮೆತ್ತಗೆ ಸವರಿ, ಎಲ್ಲಾದ್ರೂ ಬಿರುಕು, ಸಣ್ಣ ಗೀರು, ಎದ್ದು ಬಂದಿರೋದು ಸಿಕ್ಕಿದ್ರೆ ಆ ದಿನ ನೀರಿಲ್ಲ.

ಮುಚ್ಚಿ ಲಾಕ್ ಹಾಕಿದ್ಮೇಲೆ ಒಂದು ಬಕೆಟ್ ಸಿಹಿನೀರಲ್ಲಿ ಮೂರ್ನಾಲ್ಕು ನಿಮಿಷ ಮುಳುಗ್ಸಿ. ಮೊದಲು ಮೈಗಂಟಿರೋ ಗುಳ್ಳೆ ಒಂದೆರಡು ಏಳುತ್ತೆ, ಅದು ಲೆಕ್ಕಕ್ಕಿಲ್ಲ, ಒಂದೇ ಜಾಗದಿಂದ ಬಿಡದೆ ಬರ್ತಿದ್ರೆ ತಕ್ಷಣ ಎತ್ತಿ. ಬಕೆಟ್‌ನಲ್ಲಿ ಪಾಸಾದ್ರೆ ಹತ್ತು ಮೀಟರಲ್ಲೂ ಪಾಸು ಅಂತೇನಿಲ್ಲ, ಆದ್ರೆ ನನ್ನ ಥರದ ಕೂದಲು ಕೇಸು ಅಲ್ಲೇ ಸಿಕ್ಕಿಬೀಳೋ ಚಾನ್ಸ್ ಇರುತ್ತೆ, ಅಲ್ಲಿ ಸಿಹಿನೀರು, ಬೇಗ ಎತ್ಬೋದು.

ಸೀಲಿಗೂ ವಯಸ್ಸಾಗುತ್ತೆ. ವರ್ಷಕ್ಕೊಂದು ಸಲ ಬದಲಾಯ್ಸಿ ಅಂತ ಕಂಪನಿಗಳೇ ಹೇಳ್ತವೆ, ಸರ್ವೀಸಲ್ಲಿ ಹಾಕ್ಕೊಡ್ತಾರೆ. ಮತ್ತೆ ಗ್ರೀಸ್ ವಿಷಯ, ಡೈವಿಂಗ್ ಹೌಸಿಂಗಿನ ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಹಚ್ತಾರೆ ಅಂತ ಕ್ಯಾಮೆರಾ ಬಾಗಿಲಿನ ರಬ್ಬರಿಗೂ ಹಚ್ಚೋಕೆ ಹೋಗ್ಬೇಡಿ, ಮ್ಯಾನುಯಲ್ ಹೇಳಿದ್ರೆ ಮಾತ್ರ. ಅಂಟಂಟಾಗಿ ಇನ್ನಷ್ಟು ಮರಳು ಹಿಡ್ಕೊಳುತ್ತೆ.

ಸಮುದ್ರದಿಂದ ಬಂದ್ಮೇಲೆ?

ಒಣಗೋಕೆ ಬಿಡ್ಬೇಡಿ. ಉಪ್ಪುನೀರು ಒಣಗಿದ್ರೆ ಸಂದಿಯಲ್ಲಿ ಉಪ್ಪು ಹರಳುಗಟ್ಟುತ್ತೆ, ಬಟನ್ ಗಟ್ಟಿಯಾಗುತ್ತೆ, ಆಮೇಲೆ ಬಾಗಿಲು ತೆಗ್ಯೋವಾಗ ಅದೇ ಹರಳು ರಬ್ಬರ್ ಮೇಲೆ ಬೀಳುತ್ತೆ. ವಾಪಸ್ ಬರೋ ದಾರೀಲಿ ಸಿಹಿನೀರು ಸಿಗಲ್ಲ ಅಂದ್ರೆ ಒದ್ದೆ ಬಟ್ಟೆ ಸುತ್ತಿ ತನ್ನಿ. ಬಂದು ಬಾಗಿಲು ತೆಗೀದೇನೇ ಬಕೆಟಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ನೀರೊಳಗೇ ಎಲ್ಲಾ ಬಟನ್ ಒತ್ತಿ ಬಿಡಿ, ಡಯಲ್ ತಿರುಗ್ಸಿ, ಸಿಕ್ಕೊಂಡಿರೋ ಮರಳು ಉದುರುತ್ತೆ. ಲೆನ್ಸ್ ಸುತ್ತ ಇರೋ ರಿಂಗ್ ಬಿಚ್ಚೋಕೆ ಬಂದ್ರೆ ಅದನ್ನೂ ಬಿಚ್ಚಿ ತೊಳೀರಿ, ಅದರಡಿ ಎಷ್ಟು ಮರಳು ಕೂತಿರುತ್ತೆ ಅಂದ್ರೆ ನಂಬಲ್ಲ ನೀವು.

ಒರಸಿ ನೆರಳಲ್ಲಿ ಒಣಗ್ಸಿ. ಸೋಪು, ಆಲ್ಕೋಹಾಲು, ಹೇರ್‌ಡ್ರೈಯರ್ ಯಾವ್ದೂ ಬೇಡ, ರಬ್ಬರ್ ಹಾಳಾಗುತ್ತೆ. ಪೂರ್ತಿ ಒಣಗೋ ತನಕ ಬಾಗಿಲು ಮುಟ್ಬೇಡಿ. ಮುಟ್ಟೋವಾಗ ಕ್ಯಾಮೆರಾ ಬಾಗಿಲ ಕಡೆ ಕೆಳಗೆ ಮಾಡಿ ಹಿಡ್ಕೊಳ್ಳಿ, ಅಂಚಲ್ಲಿ ಉಳಿದ ಹನಿ ಒಳಗೆ ಹೋಗೋ ಬದ್ಲು ಕೆಳಗೆ ಬೀಳುತ್ತೆ. ಬಿಸಿನೀರಿನ ಬುಗ್ಗೆಗೆ ತಗೊಂಡು ಹೋಗ್ಬೋದಾ ಅಂತ ಒಬ್ರು ಕೇಳಿದ್ರು, ಬೇಡ, ಬಿಸಿಗೆ ಸೀಲ್ ಮೆತ್ತಗಾಗುತ್ತೆ, ವಾಟರ್‌ಪ್ರೂಫ್ ಅನ್ನೋ ಮಾತಿನಲ್ಲಿ ಬಿಸಿನೀರು ಸೇರಲ್ಲ.

ಲೆನ್ಸ್ ಒಳಗಡೆ ಮಂಜು ಕಟ್ಟಿದೆ. ನೀರು ಹೋಯ್ತಾ?

ಹೆಚ್ಚಿನ ಸಲ ಇಲ್ಲ, ಗಾಬರಿ ಬೇಡ. ಸೆಕೆ ಇರೋ ಜಾಗದಲ್ಲಿ ಬಾಗಿಲು ತೆಗ್ದು ಮುಚ್ಚಿದ್ರಿ ಅಂದ್ರೆ ಆ ತೇವದ ಗಾಳಿ ಒಳಗೇ ಸಿಕ್ಕೊಂಡಿರುತ್ತೆ. ಬಿಸಿಲಲ್ಲಿ ಕಾದ ಕ್ಯಾಮೆರಾನ ತಣ್ಣಗಿನ ನೀರಿಗೆ ಹಾಕಿದ ಕೂಡ್ಲೇ ಮುಂದಿನ ಗಾಜು ತಣ್ಣಗಾಗಿ ಆ ತೇವ ಹನಿಯಾಗಿ ಗಾಜಿನ ಒಳಮೈಗೆ ಕೂರುತ್ತೆ. ಫೋಟೋ ಎಲ್ಲ ಕನಸಿನ ಸೀನ್ ಥರ ಬರುತ್ತೆ. ಬಟ್ಟೇಲಿ ಹೊರಗಿಂದ ಎಷ್ಟು ಒರಸಿದ್ರೂ ಹೋಗಲ್ಲ, ಒಳಗಿರೋದಲ್ವಾ.

ಎಸಿ ಇರೋ ಒಣ ರೂಮಲ್ಲಿ ಬಾಗಿಲು ಮುಚ್ಚಿ, ಕಾರ್ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡ್ಬೇಡಿ, ನೀರಿಗಿಳಿಯೋ ಹತ್ತು ನಿಮಿಷ ಮುಂಚೆ ನೆರಳಲ್ಲಿ ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಿ. ಟಿಜಿ-6ರಲ್ಲಿ ಇದಕ್ಕೇ ಅಂತ ಮುಂದೆ ಎರಡು ಪದರದ ಗಾಜು ಹಾಕಿದ್ದಾರೆ, ಅದು ಒಳ್ಳೆ ಕೆಲಸ. ಮಂಜು ಒಂದರ್ಧ ಗಂಟೇಲಿ ತಾನಾಗೇ ಹೋದ್ರೆ ಸಮಸ್ಯೆ ಇಲ್ಲ, ರೂಮಿಗೆ ಬಂದು ಬಾಗಿಲು ತೆಗ್ದು ಬ್ಯಾಟರಿ ಹೊರಗಿಟ್ಟು ಸಿಲಿಕಾ ಜೆಲ್ (ತೇವ ಹೀರೋ ಹರಳು) ಇರೋ ಡಬ್ಬೀಲಿ ಒಂದು ರಾತ್ರಿ ಬಿಡಿ. ಹೋಗದೆ ಅಲ್ಲೇ ಇದ್ರೆ, ಹನಿ ದಪ್ಪಗೆ ಉರುಳಾಡ್ತಿದ್ರೆ ಆಗ ಯೋಚನೆ ಮಾಡ್ಬೇಕು.

ನೀರೊಳಗಿನ ಫೋಟೋ ಎಲ್ಲ ನೀಲಿ, ಸಪ್ಪೆ. ಕ್ಯಾಮೆರಾ ಸರಿ ಇಲ್ವಾ?

ಕ್ಯಾಮೆರಾ ಸರಿ ಇದೆ, ನೀರೇ ಹಂಗೆ. ನೀರು ಮೊದಲು ಕೆಂಪು ಬಣ್ಣ ಕುಡ್ಯುತ್ತೆ, ಐದು ಮೀಟರ್ ಹೋಗೋಷ್ಟರಲ್ಲಿ ಕೆಂಪು ಬಹುಪಾಲು ಖಾಲಿ, ಆಮೇಲೆ ಕಿತ್ತಳೆ, ಹಳದಿ, ಕೊನೇಲಿ ಉಳಿಯೋದು ನೀಲಿ ಹಸಿರು. ಇದು ಆಳದ ಲೆಕ್ಕ ಮಾತ್ರ ಅಲ್ಲ, ಬೆಳಕು ನೀರಲ್ಲಿ ಓಡೋ ಒಟ್ಟು ದೂರದ ಲೆಕ್ಕ. ಎರಡು ಮೀಟರ್ ಆಳದಲ್ಲಿದ್ದು ನಾಲ್ಕು ಮೀಟರ್ ದೂರದ ಮೀನು ತೆಗೆದ್ರೆ ಬೆಳಕು ಆರು ಮೀಟರ್ ನೀರು ದಾಟಿರುತ್ತೆ.

ಅದಕ್ಕೇ ಮೊದಲ ಉಪಾಯ ಹತ್ರ ಹೋಗೋದು, ಎರಡನೇ ಉಪಾಯ ಇನ್ನೂ ಹತ್ರ ಹೋಗೋದು. ಒಂದು ಮೀಟರ್ ಒಳಗೆ ಬಂದ್ರೆ ಬಣ್ಣವೂ ಬರುತ್ತೆ, ನೀರಲ್ಲಿ ತೇಲೋ ಕಸವೂ ಕಮ್ಮಿ ಕಾಣುತ್ತೆ. ಝೂಮ್ ಮುಟ್ಬೇಡಿ. ನೀರಲ್ಲಿ ಬೆಳಕು ಬಾಗೋದ್ರಿಂದ ಎಲ್ಲಾ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ, 25 ಎಂಎಂ ಲೆನ್ಸು 33ರ ಥರ ಆಗ್ಬಿಡುತ್ತೆ, ನಿಮಗೆ ಗೊತ್ತಿಲ್ದಂಗೆ ಆಗ್ಲೇ ಸ್ವಲ್ಪ ಝೂಮ್ ಆಗಿರುತ್ತೆ. ಅಗಲ ಬೇಕು ಅನ್ನೋರಿಗೆ ಟಿಜಿ ಸಾಲಿಗೆ ಮುಂದೆ ಸಿಕ್ಕಿಸೋ ಫಿಶ್‌ಐ ಕನ್ವರ್ಟರ್ (ಇನ್ನೂ ಅಗಲವಾಗಿ ತೋರ್ಸೋ ಹೆಚ್ಚುವರಿ ಲೆನ್ಸು) ಇದೆ.

ಅಂಡರ್‌ವಾಟರ್ ಮೋಡ್ ಅಂತ ಇರುತ್ತಲ್ಲ, ಅದು ವೈಟ್ ಬ್ಯಾಲೆನ್ಸ್ (ಬಣ್ಣಗಳ ಹದ) ಬದಲಾಯ್ಸಿ ಕೆಂಪು ಎತ್ತುತ್ತೆ, ಸ್ನಾರ್ಕೆಲಿಂಗ್ ಆಳಕ್ಕೆ ಚೆನ್ನಾಗೇ ಕೆಲ್ಸ ಮಾಡುತ್ತೆ. ರಾ ಫೈಲ್, ಅಂದ್ರೆ ಕ್ಯಾಮೆರಾ ತಿದ್ದದೆ ಹಾಗೇ ಇಡೋ ಫೋಟೋ ಫೈಲ್ ಬರೋ ಕ್ಯಾಮೆರಾ ಆದ್ರೆ (ಒಲಿಂಪಸ್‌ನಲ್ಲಿ 2015ರ ಟಿಜಿ-4ರಿಂದ ಇದೆ) ರಾ ತೆಗೀರಿ, ಮನೇಲಿ ಆರಾಮಾಗಿ ಬಣ್ಣ ಸರಿ ಮಾಡ್ಬೋದು.

ಫ್ಲ್ಯಾಶು ಹತ್ರದ ವಸ್ತುಗೆ ಮಾತ್ರ, ಅದೂ ನೀರು ತಿಳಿ ಇದ್ರೆ. ಕದಡಿದ ನೀರಲ್ಲಿ ಹೊಡೆದ್ರೆ ಮುಂದಿರೋ ಕಣ ಎಲ್ಲ ಹೊಳೆದು ಫೋಟೋ ತುಂಬ ಬಿಳಿ ಚುಕ್ಕಿ. ಲೆನ್ಸ್ ಪಕ್ಕದಲ್ಲೇ ಫ್ಲ್ಯಾಶ್ ಇರೋದ್ರಿಂದ ಇದು ಕಾಂಪ್ಯಾಕ್ಟ್ ಕ್ಯಾಮೆರಾಗಳ ಹುಟ್ಟುಗುಣ. ಸೂರ್ಯ ನಿಮ್ಮ ಬೆನ್ನ ಹಿಂದೆ, ಸ್ವಲ್ಪ ಕೆಳಗಿಂದ ಮೇಲಕ್ಕೆ ನೋಡೋ ಥರ ತೆಗೆದ್ರೆ ಮೀನಿಗೆ ಹಿನ್ನೆಲೆ ನೀರಿನ ನೀಲಿ ಸಿಗುತ್ತೆ. ಮೇಲಿಂದ ಕೆಳಕ್ಕೆ ತೆಗೆದ್ರೆ ಮರಳು ಬಣ್ಣದ ಮೀನು ಮರಳಲ್ಲೇ ಮಾಯ. ಹಾಂ, ಇಳಿದ ಕೂಡ್ಲೇ ಲೆನ್ಸ್ ಮೇಲೆ ಗಾಳಿ ಗುಳ್ಳೆ ಅಂಟಿರುತ್ತೆ, ಬೆರಳಲ್ಲಿ ಒಂದ್ಸಲ ಸವರಿ. ಅದೊಂದು ಮರ್ತು ಒಂದು ಇಡೀ ಬೆಳಗ್ಗೆ ಮಧ್ಯದಲ್ಲಿ ಮಸುಕು ಉಂಡೆ ಇರೋ ಫೋಟೋ ತೆಗ್ದಿದೀನಿ ನಾನು.

ನೀರಿಗೆ ಬಿದ್ರೆ ತೇಲುತ್ತಾ?

ಇಲ್ಲ. ಕಲ್ಲಿನ ಥರ ಮುಳುಗುತ್ತೆ, ಟಿಜಿ-6 ಸುಮಾರು 250 ಗ್ರಾಂ ಇದೆ. ಫೋಮ್ ತುಂಬಿದ ಫ್ಲೋಟ್ ಸ್ಟ್ರಾಪ್ ಸಿಗುತ್ತೆ, ಹಳದಿನೋ ಕಿತ್ತಳೇನೋ ತಗೊಳ್ಳಿ, ನಿಮ್ಮ ಕ್ಯಾಮೆರಾದ ತೂಕ ಅದು ಹೊರುತ್ತಾ ಅಂತ ನೋಡಿ ತಗೊಳ್ಳಿ, ಬಕೆಟ್ ಟೆಸ್ಟ್ ಮಾಡೋವಾಗ್ಲೇ ಇದೂ ಗೊತ್ತಾಗುತ್ತೆ. ರಭಸದ ಹೊಳೇಲಿ ಮಾತ್ರ ಸ್ಟ್ರಾಪ್ ಕುತ್ತಿಗೆಗೆ ಬೇಡ, ಎಲ್ಲಾದ್ರೂ ಸಿಕ್ಕೊಂಡ್ರೆ ಕಷ್ಟ, ಕೈಗೆ ಅಥವಾ ಲೈಫ್ ಜಾಕೆಟ್‌ಗೆ ಹಾಕ್ಕೊಳ್ಳಿ.

ಕೈಜಾರಿ ಬಿದ್ರೆ ಏನೂ ಆಗಲ್ವಾ?

ಟಿಜಿ-6ಕ್ಕೆ 2.1 ಮೀಟರ್, ನಿಕಾನ್ ಡಬ್ಲ್ಯೂ300ಕ್ಕೆ 2.4 ಮೀಟರ್ ಅಂತ ಹೇಳ್ತಾರೆ. ಎಲ್ಲಿ ಬೀಳಿಸಿ ನೋಡಿರ್ತಾರೆ ಗೊತ್ತಾ, 5 ಸೆಂಟಿಮೀಟರ್ ದಪ್ಪದ ಪ್ಲೈವುಡ್ ಮೇಲೆ. ಬೆಟ್ಟದಲ್ಲಿ ಪ್ಲೈವುಡ್ ಎಲ್ಲಿಂದ ಬರ್ಬೇಕು, ಅಲ್ಲಿರೋದು ಚೂಪು ಬಂಡೆ, ಅದರ ಮೂಲೆ ಸರಿಯಾಗಿ ಸ್ಕ್ರೀನಿಗೇ ತಾಗುತ್ತೆ. ನನ್ನ ಎರಡನೇದು ಸೊಂಟದ ಎತ್ತರದಿಂದ ನಾಲ್ಕೈದು ಸಲ ಬಿದ್ದಿದೆ, ಮೂಲೆ ಪೇಂಟ್ ಹೋಗಿದೆ, ಬೇರೇನೂ ಆಗಿಲ್ಲ. ಆದ್ರೆ ಜೋರಾಗಿ ಬಿದ್ಮೇಲೆ ಬಾಗಿಲು ಮೊದಲಿನ ಹಾಗೇ ಕೂರುತ್ತಾ, ಎಲ್ಲಾದ್ರೂ ಬಿರುಕು ಬಿಟ್ಟಿದ್ಯಾ ನೋಡದೆ ನೀರಿಗೆ ಹಾಕ್ಬೇಡಿ. ಬಿದ್ದಾಗ ಒಡೀದೆ, ಆಮೇಲೆ ಮುಳುಗಿಸ್ದಾಗ ಸಾಯೋದು ಮಾಮೂಲಿ.

ಹಿಮದಲ್ಲಿ ನಡೆಯುತ್ತಾ?

ಹೆಚ್ಚಿನವು ಮೈನಸ್ 10 ಡಿಗ್ರಿ ತನಕ. ಕ್ಯಾಮೆರಾ ತಡ್ಕೊಳುತ್ತೆ, ಬ್ಯಾಟರಿ ತಡ್ಕೊಳಲ್ಲ. ಲಿಥಿಯಂ ಬ್ಯಾಟರಿ ಚಳಿಗೆ ಮಂಕಾಗಿ ಅರ್ಧ ಇದ್ದಿದ್ದು ದಿಢೀರ್ ಖಾಲಿ ತೋರ್ಸುತ್ತೆ. ಎಸೀಬೇಡಿ ಮತ್ತೆ, ಜಾಕೆಟ್ ಒಳಜೇಬಲ್ಲಿ ಮೈಶಾಖಕ್ಕೆ ಹತ್ತು ನಿಮಿಷ ಇಟ್ರೆ ಜೀವ ಬರುತ್ತೆ. ಎರಡು ಬ್ಯಾಟರಿ ಇಟ್ಕೊಂಡು ಅದಲುಬದಲು ಮಾಡ್ತಿರಿ. ಚಳಿಯಿಂದ ಬೆಚ್ಚಗಿನ ರೂಮಿಗೆ ಬಂದಾಗ ಬ್ಯಾಗಿಂದ ತಕ್ಷಣ ತೆಗೀಬೇಡಿ, ಬಾಗಿಲಂತೂ ತೆಗೀಲೇಬೇಡಿ, ಮೈಯೆಲ್ಲ ಬೆವರುತ್ತೆ.

ಬ್ಯಾಟರಿ ಒಂದಿನಾನೂ ಬರಲ್ಲ, ಯಾಕೆ?

ಜಿಪಿಎಸ್ ಲಾಗ್ ಆನ್ ಇದ್ಯಾ ನೋಡಿ. ಟಿಜಿ-6ರಲ್ಲಿ ಅದಕ್ಕೆ ಬೇರೆ ಒಂದು ಸ್ವಿಚ್ಚೇ ಇದೆ, ಕ್ಯಾಮೆರಾ ಆಫ್ ಇದ್ರೂ ಅದು ದಾರಿ ಬರ್ಕೊಳ್ತಾ ಬ್ಯಾಟರಿ ತಿಂತಾ ಇರುತ್ತೆ. ಬ್ಯಾಗಲ್ಲಿ ತಾನೇ ತಗುಲಿ ಆನ್ ಆಗೋದೂ ಇದೆ. ಅದಿಲ್ದಿದ್ರೆ ಟಿಜಿ-6ರಲ್ಲಿ ಒಂದು ಚಾರ್ಜಿಗೆ ಸುಮಾರು 340 ಫೋಟೋ ಅಂತ ಲೆಕ್ಕ, 4ಕೆ ವಿಡಿಯೋ ಜಾಸ್ತಿ ತೆಗೆದ್ರೆ ಅಷ್ಟೂ ಬರಲ್ಲ. ವಿಮಾನದಲ್ಲಿ ಹೋಗೋವಾಗ ಎಕ್ಸ್‌ಟ್ರಾ ಬ್ಯಾಟರಿ ಕೈಚೀಲದಲ್ಲೇ ಇರ್ಬೇಕು, ಚೆಕ್-ಇನ್ ಲಗೇಜಲ್ಲಿ ಹಾಕೋ ಹಾಗಿಲ್ಲ.

ಫೋಟೋ ಕ್ವಾಲಿಟಿ ಹೆಂಗೆ, ನಿಜ ಹೇಳಿ.

ಬಿಸಿಲಲ್ಲಿ ಚೆನ್ನಾಗಿದೆ, ಮಬ್ಬುಬೆಳಕಲ್ಲಿ ಚೆನ್ನಾಗಿಲ್ಲ. ಬಹಳಷ್ಟು ಟಫ್ ಕ್ಯಾಮೆರಾದಲ್ಲಿ ಇರೋದು 1/2.3 ಇಂಚಿನ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡೋ ಚಿಪ್ಪು), ಕಿರುಬೆರಳ ಉಗುರಿಗಿಂತ ಚಿಕ್ಕದು, ಫುಲ್‌ಫ್ರೇಮ್ ಸೆನ್ಸರ್ (ದೊಡ್ಡ ದುಬಾರಿ ಕ್ಯಾಮೆರಾದಲ್ಲಿರೋದು) ಇದರ ಮೂವತ್ತು ಪಟ್ಟು ದೊಡ್ಡದು. ಐಎಸ್‌ಒ 1600 (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋ ನಂಬರು) ದಾಟಿದ್ರೆ ಎಲೆ ಎಲ್ಲ ಜಲವರ್ಣದ ಥರ ಕಲಸ್ಕೊಂಡಿರುತ್ತೆ. ಈಗಿನ ಒಳ್ಳೆ ಫೋನು ಸಾಫ್ಟ್‌ವೇರ್ ಬಲದಿಂದ ನೆಲದ ಮೇಲೆ ಇದಕ್ಕಿಂತ ಚೆನ್ನಾಗಿ ತೆಗ್ಯುತ್ತೆ, ಅದನ್ನ ಒಪ್ಕೊಂಡೇ ತಗೋಬೇಕು. ಮೆಗಾಪಿಕ್ಸೆಲ್ ನೋಡಿ ಮೋಸಹೋಗ್ಬೇಡಿ, ಟಿಜಿ-4ರಲ್ಲಿ 16 ಇದ್ದಿದ್ದನ್ನ 2017ರ ಟಿಜಿ-5ರಲ್ಲಿ 12ಕ್ಕೆ ಇಳಿಸಿದ್ರು, ಮಬ್ಬುಬೆಳಕಿಗೆ ಅದೇ ಒಳ್ಳೇದಾಯ್ತು.

ದೊಡ್ಡ ಸೆನ್ಸರ್ ಬೇಕೇಬೇಕು ಅಂದ್ರೆ ಸೋನಿ ಆರ್‌ಎಕ್ಸ್0 ಬಂದಿತ್ತು, 1 ಇಂಚಿನ ಸೆನ್ಸರ್, 10 ಮೀಟರ್ ವಾಟರ್‌ಪ್ರೂಫ್, ಆದ್ರೆ ಝೂಮ್ ಇಲ್ಲ.

ಹಾಗಾದ್ರೆ ಇದ್ರಲ್ಲಿ ನಿಮಗೆ ಇಷ್ಟ ಆಗೋದಾದ್ರೂ ಏನು?

ಮ್ಯಾಕ್ರೋ, ಅಂದ್ರೆ ತೀರಾ ಹತ್ರದಿಂದ ಪುಟ್ಟದನ್ನ ದೊಡ್ಡದಾಗಿ ತೆಗ್ಯೋದು! ನೀರಿಗೆ ಅಂತ ತಗೊಂಡೆ, ಈಗ ಮುಕ್ಕಾಲು ಪಾಲು ಬಳ್ಸೋದು ಇದಕ್ಕೇ. ಟಿಜಿಯಲ್ಲಿ ಮೈಕ್ರೋಸ್ಕೋಪ್ ಮೋಡ್ ಅಂತಿದೆ, ಲೆನ್ಸಿಂದ 1 ಸೆಂಟಿಮೀಟರ್ ದೂರದ ವಸ್ತು ಫೋಕಸ್ ಆಗುತ್ತೆ. ಮಳೆ ನಿಂತ ಮೇಲೆ ಪಾಚಿ ಹಿಡಿದ ಬಂಡೆ ಪಕ್ಕ ಹೊಟ್ಟೆ ಮೇಲೆ ಮಲ್ಕೊಂಡು ಕ್ಯಾಮೆರಾನ ಕೆಸರಿಗೇ ಒರಗಿಸಿ ಒಂದು ಪಾಚಿ ಎಳೆ ತುದಿಯ ಹನಿಗೆ ಫೋಕಸ್ ಮಾಡಿ, ಆ ಹನಿ ಒಳಗೆ ಎದುರಿನ ಮರ ತಲೆಕೆಳಗಾಗಿ ಕೂತಿರುತ್ತೆ, ಎಳೆ ಮೇಲೆ ಒಂದು ಇರುವೆ ಬಂದು ಹನಿಗೆ ಬಾಯಿಟ್ರೆ ಅದರ ಕಣ್ಣು, ಮೀಸೆ ಎಲ್ಲ ಸ್ಕ್ರೀನ್ ತುಂಬ. ದುಬಾರಿ ಕ್ಯಾಮೆರಾ ಇದ್ದೋರು ಅದನ್ನ ಕೆಸರಲ್ಲಿ ಇಡಲ್ಲ, ಅದೇ ವ್ಯತ್ಯಾಸ.

ಅಷ್ಟು ಹತ್ರ ಹೋದ್ರೆ ಕ್ಯಾಮೆರಾ ನೆರಳೇ ಬೀಳುತ್ತೆ, ಅದಕ್ಕೆ ಲೆನ್ಸ್ ಸುತ್ತ ಹಾಕೋ ಎಲ್‌ಜಿ-1 ಅನ್ನೋ ಲೈಟ್ ಗೈಡ್ ಇದೆ, ಕ್ಯಾಮೆರಾದ ಎಲ್‌ಇಡಿ ಬೆಳಕನ್ನೇ ಉಂಗುರದ ಥರ ಹರಡುತ್ತೆ. ಪುಟ್ಟದು, ಜೇಬಲ್ಲಿ ಕಳ್ದೋಗುತ್ತೆ, ಹುಷಾರು. ಫೋಕಸ್ ಸ್ಟ್ಯಾಕಿಂಗ್ ಇಟ್ರೆ ಕ್ಯಾಮೆರಾನೇ ಹಲವಾರು ಫೋಟೋ ತೆಗ್ದು ಸೇರಿಸಿ ಮೂತಿಯಿಂದ ಬಾಲದ ತನಕ ಶಾರ್ಪ್ ಮಾಡ್ಕೊಡುತ್ತೆ, ಹುಳ ಅಲ್ಲಾಡ್ದೆ ಕೂತಿದ್ರೆ.

ನೀರು ಹೊಕ್ಕೇಬಿಟ್ರೆ ಏನು ಮಾಡೋದು?

ಆನ್ ಮಾಡಿ ನೋಡೋಕೆ ಹೋಗ್ಬೇಡಿ, ಅದೇ ಎಲ್ರೂ ಮಾಡೋ ತಪ್ಪು. ಹೊರಗೆ ಒರಸಿ ಬ್ಯಾಟರಿ ತೆಗೀರಿ, ಕಾರ್ಡ್ ತೆಗೀರಿ, ಬ್ಯಾಟರಿ ಊದ್ಕೊಂಡಿದ್ರೆ ಅಥವಾ ಬಿಸಿ ಇದ್ರೆ ದೂರ ಇಡಿ, ಮತ್ತೆ ಅದನ್ನ ಚಾರ್ಜಿಗೆ ಹಾಕ್ಬೇಡಿ. ಉಪ್ಪುನೀರು ಮತ್ತು ಕರೆಂಟ್ ಸೇರಿದ್ರೆ ಒಳಗಿನ ತಾಮ್ರದ ಗೆರೆಗಳನ್ನ ನೋಡ್ತಾ ನೋಡ್ತಾ ತಿಂದಾಕುತ್ತೆ. ಸಿಹಿನೀರು ಹೊಕ್ಕಿದ್ರೆ ಬಾಗಿಲು ತೆಗ್ದು ಸಿಲಿಕಾ ಜೆಲ್ ಜೊತೆ ಕೆಲವು ದಿನ ಬಿಟ್ರೆ ಬದುಕೋ ಚಾನ್ಸ್ ಇದೆ. ಅಕ್ಕಿ ಡಬ್ಬಿ ಬೇಡ, ಅಕ್ಕಿ ಅಷ್ಟೇನೂ ತೇವ ಎಳಿಯಲ್ಲ, ಪುಡಿ ಮಾತ್ರ ಸಂದೀಲಿ ತುಂಬುತ್ತೆ. ಉಪ್ಪುನೀರಾದ್ರೆ ಒಣಗೋಕೆ ಬಿಡದೆ ಅವತ್ತೇ ಬಿಚ್ಚಿ ಕ್ಲೀನ್ ಮಾಡೋರ ಹತ್ರ ಓಡ್ಬೇಕು, ಹೆಚ್ಚು ಆಸೆ ಇಟ್ಕೋಬೇಡಿ. ಕಾರ್ಡನ್ನ ಸಿಹಿನೀರಲ್ಲಿ ತೊಳ್ದು ಒಣಗ್ಸಿ, ಫೋಟೋ ಸಾಮಾನ್ಯವಾಗಿ ಸಿಗುತ್ತೆ. ನನಗೂ ಸಿಕ್ತು, ಕೊನೇ ಫೋಟೋದಲ್ಲಿ ಗುಳ್ಳೆ ಸಾಲು ಬೇರೆ ಬಂದಿದೆ.

ಸೆಕೆಂಡ್ ಹ್ಯಾಂಡ್ ತಗೋಬೋದಾ?

ತಗೋಬೋದು, ಆದ್ರೆ ಮಾರೋರು ನೀರಿಗೇ ಹಾಕಿಲ್ಲ ಅಂತ ಹೇಳಿದ್ರೂ ಬಾಗಿಲು ತೆಗ್ದು ನೋಡಿ. ಬ್ಯಾಟರಿ ತಗಲೋ ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ರೆ ನಮಸ್ಕಾರ ಹೇಳಿ ಬನ್ನಿ. ಸೀಲ್ ಮೆತ್ತಗೆ ಹೊಳೀತಿರ್ಬೇಕು, ಚಪ್ಪಟೆಯಾಗಿ ಒಣಗಿದ್ರೆ ಸರ್ವೀಸ್ ಖರ್ಚೂ ಸೇರ್ಸಿ ಲೆಕ್ಕ ಹಾಕಿ. ಎಲ್ಲಾ ಸರಿ ಇದ್ರೂ ನಾನಾಗಿದ್ರೆ ಹೊಸ ಸೀಲ್ ಹಾಕ್ಸೋ ತನಕ ಅದನ್ನ ಮಳೆಗೆ ಮಾತ್ರ ಬಳಸ್ತೀನಿ.